ಕನೆಕ್ಷನ್ ಯಾರ ಹೆಸರಲ್ಲಿದೆ?

ಇವತ್ತಿನ ಕಂತು ಹಾಡಿನ ಬಗ್ಗೆ ಅಲ್ಲ, ಹಾಡಿಗೆ ಬಂದ ಬಿಲ್ ಬಗ್ಗೆ.

2003ರ ಸೆಪ್ಟೆಂಬರ್ 8. ಅಮೆರಿಕದ ದೊಡ್ಡ ಮ್ಯೂಸಿಕ್ ಕಂಪನಿಗಳು ಒಂದೇ ದಿನ 261 ಜನರ ಮೇಲೆ ಕೇಸ್ ಹಾಕಿದವು. ಮುಂದೆ ನಿಂತು ನಡೆಸಿದ್ದು ಆ ಕಂಪನಿಗಳ ಸಂಘ, ಆರ್‌ಐಎಎ. ಕಜಾ ತರಹದ ಸಾಫ್ಟ್‌ವೇರ್ ಹಾಕಿಕೊಂಡು ಅನುಮತಿ ಇಲ್ಲದೆ ಹಾಡು ಹಂಚಿದ್ದಾರೆ ಅನ್ನೋದು ಆರೋಪ. ನ್ಯೂಯಾರ್ಕ್‌ನ ಸರ್ಕಾರಿ ವಸತಿ ಕಟ್ಟಡವೊಂದರಲ್ಲಿದ್ದ 12 ವರ್ಷದ ಹುಡುಗಿಯೂ ಇದರಲ್ಲಿ ಸಿಕ್ಕಿಬಿದ್ದಳು. ಸುದ್ದಿ ಹೊರಬಂದ ಬೆನ್ನಲ್ಲೇ ಅವಳ ತಾಯಿ 2,000 ಡಾಲರ್‌ಗೆ ರಾಜಿ ಮಾಡಿಕೊಂಡರು.

ಕಂಪನಿಗಳು ಮನೆಮನೆಗೆ ಯಾಕೆ ಬಂದವು? 1999ರಲ್ಲಿ ನ್ಯಾಪ್‌ಸ್ಟರ್ ಬಂತು, 2001ರಲ್ಲಿ ಕೋರ್ಟ್ ಅದನ್ನು ನಿಲ್ಲಿಸಿತು. ಅದಕ್ಕೆ ತನ್ನದೇ ಸರ್ವರ್ ಇತ್ತು, ಹಾಗಾಗಿ ಹಿಡಿಯೋದು ಸುಲಭ ಆಯ್ತು. ಆಮೇಲೆ ಬಂದವುಗಳಲ್ಲಿ ಫೈಲ್ ನೇರವಾಗಿ ಒಬ್ಬರ ಕಂಪ್ಯೂಟರ್‌ನಿಂದ ಇನ್ನೊಬ್ಬರದಕ್ಕೆ ಹೋಗ್ತಿತ್ತು. 2003ರ ಏಪ್ರಿಲ್‌ನಲ್ಲಿ ಕೆಳ ಕೋರ್ಟ್ ಒಂದು, ಬಳಕೆದಾರರು ಮಾಡಿದ ತಪ್ಪಿಗೆ ಗ್ರೋಕ್‌ಸ್ಟರ್ ಹೊಣೆಯಲ್ಲ ಅಂದುಬಿಟ್ಟಿತು. ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿದ್ದು 2005ರಲ್ಲಿ. ಅಷ್ಟರೊಳಗೆ ಕಂಪನಿಗಳು ಬಳಕೆದಾರರ ಬಾಗಿಲು ತಟ್ಟಿಯಾಗಿತ್ತು.

ಅವರ ನಷ್ಟ ಸುಳ್ಳಲ್ಲ. ಸಿಡಿ ಮಾರಾಟ ಬಿತ್ತು, ಅಂಗಡಿಗಳು ಮುಚ್ಚಿದವು, ಕೆಲಸ ಹೋದವು. ಹಾಡು ಮಾಡಿದವರಿಗೆ ದುಡ್ಡು ಸಿಗಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ನನ್ನ ತಕರಾರು ಇರೋದು ಅವರು ಬಳಸಿದ ರೇಟ್ ಕಾರ್ಡ್ ಬಗ್ಗೆ.

ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ನಿಗದಿತ ಪರಿಹಾರ ಅಂತ ಒಂದಿದೆ. ಎಷ್ಟು ನಷ್ಟ ಆಯ್ತು ಅಂತ ಸಾಬೀತು ಮಾಡಬೇಕಾಗಿಲ್ಲ. ಒಂದೊಂದು ಕೃತಿಗೆ 750ರಿಂದ 30,000 ಡಾಲರ್. ಬೇಕಂತಲೇ ಮಾಡಿದ್ದರೆ 1,50,000ದವರೆಗೆ. ಲಾಭಕ್ಕೆ ಕಳ್ಳಸಿಡಿ ಒತ್ತಿ ಮಾರುವ ವ್ಯಾಪಾರಿಗೂ, ಬೆಡ್‌ರೂಮಿನಲ್ಲಿ ಕೂತ ಹುಡುಗನಿಗೂ ಒಂದೇ ಪಟ್ಟಿ. ಆಗ ಐಟ್ಯೂನ್ಸ್‌ನಲ್ಲಿ ಒಂದು ಹಾಡಿನ ಬೆಲೆ 99 ಸೆಂಟ್.

ನಾನು ಬಿಕಾಂ ಓದಿದವನು, ಲೆಕ್ಕ ಹಾಕದೆ ಇರೋಕಾಗಲ್ಲ. ರಾಜಿಗೆ ಸಾಮಾನ್ಯವಾಗಿ ಮೂರ್ನಾಲ್ಕು ಸಾವಿರ ಡಾಲರ್. ವಕೀಲರನ್ನಿಟ್ಟು ಹೋರಾಡಿದರೆ ಅದರ ಹತ್ತು ಪಟ್ಟು ಸಲೀಸಾಗಿ ಖರ್ಚು. ಸೋತರೆ ಲಕ್ಷಗಟ್ಟಲೆ. ಇಂಥ ಕಡೆ ನೀವು ತಪ್ಪು ಮಾಡಿದ್ದೀರೋ ಇಲ್ಲವೋ ಅನ್ನೋದು ಲೆಕ್ಕಕ್ಕೇ ಬರಲ್ಲ. ನಿರಪರಾಧಿಗೂ ರಾಜಿಯೇ ಅಗ್ಗ. 2007ರಲ್ಲಿ ಆರ್‌ಐಎಎ ಕಾಲೇಜು ವಿದ್ಯಾರ್ಥಿಗಳಿಗೆ ಕೇಸಿಗೆ ಮುಂಚೆಯೇ ಪತ್ರ ಕಳಿಸೋಕೆ ಶುರುಮಾಡಿತು. ವೆಬ್‌ಸೈಟ್‌ಗೆ ಹೋಗಿ ಕ್ರೆಡಿಟ್ ಕಾರ್ಡ್‌ನಲ್ಲೇ ರಾಜಿ ಹಣ ಕಟ್ಟಬಹುದಿತ್ತು. ಕರೆಂಟ್ ಬಿಲ್ ಥರ!

ಇನ್ನು ಕಂಪನಿಗಳ ಕೈಗೆ ಸಿಕ್ಕಿದ್ದು ಐಪಿ ವಿಳಾಸ. ಅದರಿಂದ ಗೊತ್ತಾಗೋದು ಇಂಟರ್ನೆಟ್ ಬಿಲ್ ಯಾರ ಹೆಸರಲ್ಲಿದೆ ಅನ್ನೋದಷ್ಟೇ, ಕೀಬೋರ್ಡ್ ಮುಂದೆ ಯಾರು ಕೂತಿದ್ದರು ಅನ್ನೋದಲ್ಲ. ನಿಮ್ಮ ಮನೆ ವೈಫೈ ಯಾರ ಹೆಸರಲ್ಲಿದೆ, ಒಂದ್ಸಲ ಯೋಚಿಸಿ. ಮ್ಯಾಸಚೂಸೆಟ್ಸ್‌ನ 66 ವರ್ಷದ ಶಿಲ್ಪಿಯೊಬ್ಬರ ಮೇಲೆ ಕೇಸ್ ಬಿತ್ತು. ಅವರ ಹತ್ತಿರ ಇದ್ದದ್ದು ಮ್ಯಾಕ್, ಅದರಲ್ಲಿ ಕಜಾ ಓಡುತ್ತಲೇ ಇರಲಿಲ್ಲ. ಕೇಸ್ ವಾಪಸ್ ಪಡೆದರು. ವೆಸ್ಟ್ ವರ್ಜಿನಿಯಾದಲ್ಲಿ ಆಗಲೇ ತೀರಿಹೋಗಿದ್ದ ಅಜ್ಜಿಯ ಮೇಲೆ ಹಾಕಿದರು. ಮಿಷಿಗನ್‌ನಲ್ಲಿ ಕೇಸ್ ನಡೀತಿರುವಾಗಲೇ ಪ್ರತಿವಾದಿ ತೀರಿಕೊಂಡರು. 2006ರಲ್ಲಿ ಕಂಪನಿ ವಕೀಲರು ಕೋರ್ಟಿಗೆ ಅರ್ಜಿ ಕೊಟ್ಟರು: ಮನೆಯವರು ದುಃಖದಲ್ಲಿದ್ದಾರೆ, 60 ದಿನ ಕಳೆಯಲಿ, ಆಮೇಲೆ ಮಕ್ಕಳ ಹೇಳಿಕೆ ತಗೊಳ್ತೀವಿ ಅಂತ. ನಮ್ಮಲ್ಲಿ ಸೂತಕದ ದಿನ ಎಣಿಸೋದು ಮನೆಯವರು, ಇಲ್ಲಿ ಎದುರು ಪಾರ್ಟಿ ಎಣಿಸಿತು. ಜನ ಛೀಮಾರಿ ಹಾಕಿದ ಮೇಲೆ ಹಿಂದೆ ಸರಿದರು.

ಒಕ್ಲಹೋಮಾದ ತಾಯಿಯೊಬ್ಬರು ಮಾತ್ರ ರಾಜಿಗೆ ಒಪ್ಪಲಿಲ್ಲ. ಕನೆಕ್ಷನ್ ನನ್ನ ಹೆಸರಲ್ಲಿದೆ ಅಂದಮಾತ್ರಕ್ಕೆ ಹೊಣೆ ನನ್ನದಾಗಲ್ಲ ಅಂತ ಪಟ್ಟು ಹಿಡಿದರು. 2006ರಲ್ಲಿ ಅವರ ಮೇಲಿನ ಕೇಸ್ ವಜಾ ಆಯಿತು. ಮರುವರ್ಷ ಕೋರ್ಟ್ ಅವರ ವಕೀಲರ ಖರ್ಚು ಸುಮಾರು 68,000 ಡಾಲರ್‌ಗಳನ್ನು ಕಂಪನಿಗಳೇ ಕಟ್ಟಬೇಕು ಅಂದಿತು. ಆ ಮೊತ್ತ ನೋಡಿ. ನಿರಪರಾಧಿ ಅನ್ನಿಸಿಕೊಳ್ಳೋಕೆ ಬೀಳುವ ರೇಟ್ ಅದು.

ಮಿನ್ನೆಸೋಟಾದ ಇನ್ನೊಬ್ಬ ತಾಯಿಯ ಕಥೆ ಅಷ್ಟು ಸಲೀಸಲ್ಲ. ಅವರು ನಿರಪರಾಧಿ ಅಂತ ನಾನು ಹೇಳಲ್ಲ, ಎರಡು ಜ್ಯೂರಿಗಳು ಅವರನ್ನು ನಂಬಲಿಲ್ಲ. ಪ್ರಶ್ನೆ ಇದ್ದದ್ದು 24 ಹಾಡು. ಐಟ್ಯೂನ್ಸ್‌ನಲ್ಲಿ ಕೊಂಡಿದ್ದರೆ 24 ಡಾಲರ್‌ಗೂ ಕಮ್ಮಿ. 2007ರ ಜ್ಯೂರಿ ಹೇಳಿದ್ದು 2,22,000. ನ್ಯಾಯಾಧೀಶ ಮೈಕೆಲ್ ಡೇವಿಸ್ ಅದನ್ನು ರದ್ದು ಮಾಡಿ, ಈ ಕಾನೂನನ್ನು ತಿದ್ದಿ ಅಂತ ಸಂಸತ್ತನ್ನೇ ಕೇಳಿಕೊಂಡರು. 2009ರ ಎರಡನೇ ಜ್ಯೂರಿ 19.2 ಲಕ್ಷ ಡಾಲರ್ ಅಂದಿತು, ಅಂದರೆ ಹಾಡಿಗೆ 80,000. ಅದನ್ನು ಅವರು 54,000ಕ್ಕೆ ಇಳಿಸಿದರು, ಕಂಪನಿಗಳು ಒಪ್ಪಲಿಲ್ಲ. ಮೂರನೇ ಜ್ಯೂರಿ 15 ಲಕ್ಷ ಅಂದಿತು. ಕದ್ದದ್ದು ಒಂದೇ, ದಂಡ ಮಾತ್ರ ಹರಾಜಿನ ಥರ ಏರಿಳಿಯಿತು.

2008ರ ಡಿಸೆಂಬರ್ ಹೊತ್ತಿಗೆ ಆರ್‌ಐಎಎ ಇಂಥ ಸಾಮೂಹಿಕ ಕೇಸ್‌ಗಳನ್ನು ನಿಲ್ಲಿಸಿತು. ಅಷ್ಟರಲ್ಲಿ ಸುಮಾರು 35,000 ಜನರ ಮೇಲೆ ಕ್ರಮ ಆಗಿತ್ತು. ನಡೀತಿದ್ದವು ಮಾತ್ರ ನಿಲ್ಲಲಿಲ್ಲ. ಮಿನ್ನೆಸೋಟಾದ ಕೇಸ್‌ನಲ್ಲಿ 2012ರ ಮೇಲ್ಮನವಿ ಕೋರ್ಟ್ ಮತ್ತೆ 2,22,000ಕ್ಕೇ ತಂದು ನಿಲ್ಲಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಆ ಹೊತ್ತಿಗೆ ಅಮೆರಿಕದಲ್ಲಿ ಸ್ಪಾಟಿಫೈ ಬಂದು ಎರಡು ವರ್ಷ ಆಗ್ತಾ ಬಂದಿತ್ತು, ಜಾಹೀರಾತು ಕೇಳಿಸಿಕೊಂಡರೆ ಹಾಡು ಫ್ರೀ. 750ರಿಂದ 1,50,000 ಡಾಲರ್‌ನ ಆ ಪಟ್ಟಿ ಇವತ್ತಿಗೂ ಕಾನೂನಿನಲ್ಲಿ ಹಾಗೇ ಇದೆ.