ಬಾರ್‌ಕೋಡ್ ಸ್ಕ್ಯಾನರ್: ಚಿತ್ರ ಸೆರೆಹಿಡಿಯುವ ಸೆಟ್ಟಿಂಗ್‌ಗಳು

ಕೈಯಲ್ಲಿ ಹಿಡಿದು ಬಳಸುವ ಬಾರ್‌ಕೋಡ್ ಸ್ಕ್ಯಾನರ್‌ನ ಕ್ಯಾಮೆರಾ ಎಷ್ಟು ಬೆಳಕಿನಲ್ಲಿ, ಎಷ್ಟು ಹೊತ್ತು, ಯಾವ ಭಾಗದ ಚಿತ್ರ ತೆಗೆಯಬೇಕು, ಅದನ್ನು ಯಾವ ರೂಪದಲ್ಲಿ ಕಂಪ್ಯೂಟರಿಗೆ ಕಳಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಡುವ ಸೆಟ್ಟಿಂಗ್‌ಗಳು. ಲೇಸರ್ ಸ್ಕ್ಯಾನರ್‌ಗಳಿಗೆ ಇವು ಅನ್ವಯಿಸುವುದಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಮಳಿಗೆಯಲ್ಲಿ 1974ರ ಜೂನ್ 26ರಂದು ಚ್ಯೂಯಿಂಗ್ ಗಮ್ ಪೊಟ್ಟಣವೊಂದರ ಮೇಲಿನ ಯುಪಿಸಿ ಬಾರ್‌ಕೋಡನ್ನು ಮೊದಲ ಬಾರಿಗೆ ಓದಿದ್ದು ಲೇಸರ್ ಯಂತ್ರ. ಅಂಥವು ಗೆರೆಗಳಿಂದ ಮರಳುವ ಬೆಳಕಿನ ಏರಿಳಿತವನ್ನಷ್ಟೇ ಅಳೆಯುತ್ತವೆ, ಚಿತ್ರ ತೆಗೆಯುವುದಿಲ್ಲ. 1994ರಲ್ಲಿ ಜಪಾನಿನಲ್ಲಿ ರೂಪುಗೊಂಡ ಕ್ಯೂಆರ್ ಕೋಡ್‌ನಂಥ ಚೌಕ ಸಂಕೇತಗಳು ಹರಡಿದಂತೆ, ಇಡೀ ಸಂಕೇತವನ್ನು ಒಮ್ಮೆಗೇ ನೋಡಬಲ್ಲ ಕ್ಯಾಮೆರಾ ಸ್ಕ್ಯಾನರ್‌ಗಳ ಬಳಕೆ ಹೆಚ್ಚಿತು. ಇವನ್ನು ಇಮೇಜರ್ ಎನ್ನುತ್ತಾರೆ.

ಕೋಡ್ ಓದುವುದಕ್ಕೂ ಫೋಟೊ ತೆಗೆಯುವುದಕ್ಕೂ ಬೇಕಾದ ಚಿತ್ರ ಒಂದೇ ಬಗೆಯದಲ್ಲ. ಓದಲು ಕಪ್ಪು ಬಿಳುಪಿನ ಅಂತರ ಎದ್ದು ಕಂಡರೆ ಸಾಕು. ಒಡೆದ ಪಾರ್ಸೆಲ್‌ನ ದಾಖಲೆಗೋ ಸಹಿಯ ಪ್ರತಿಗೋ ಸಮನಾದ ಬೆಳಕಿನ, ವಿವರ ಉಳಿದ ಚಿತ್ರ ಬೇಕು. ಹೀಗಾಗಿ ಝೀಬ್ರಾ ಕಂಪನಿಯ ಹಲವು ಮಾದರಿಗಳಲ್ಲಿ ಕೋಡ್ ಓದಲು ಡಿಕೋಡ್, ಫೋಟೊ ತೆಗೆಯಲು ಸ್ನ್ಯಾಪ್‌ಶಾಟ್ ಎಂಬ ಬೇರೆ ಬೇರೆ ಮೋಡ್‌ಗಳಿವೆ. ಎಕ್ಸ್‌ಪೋಷರ್ (ಕ್ಯಾಮೆರಾ ಬೆಳಕು ಹಿಡಿಯುವ ಅವಧಿ) ಮತ್ತು ದೀಪದ ಸೆಟ್ಟಿಂಗ್ ಎರಡಕ್ಕೂ ಪ್ರತ್ಯೇಕ. ಒಂದನ್ನು ಬದಲಿಸಿ ಇನ್ನೊಂದು ಸರಿಹೋಗಲಿಲ್ಲವೆಂದು ಪರದಾಡುವವರು ಮೊದಲು ಗಮನಿಸಬೇಕಾದದ್ದು ಇದನ್ನೇ.

ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರುವುದು ಎಕ್ಸ್‌ಪೋಷರ್. ಅಂಗಡಿ ಸಾಮಾನಿನ ಬಾರ್‌ಕೋಡ್‌ನಲ್ಲಿ ಅತಿ ಸಣ್ಣ ಗೆರೆಯ ಪ್ರಮಾಣಿತ ಅಗಲ 0.33 ಮಿ.ಮೀ. ಎಕ್ಸ್‌ಪೋಷರ್ 10 ಮಿಲಿಸೆಕೆಂಡ್ ಇದ್ದು, ಕೈ ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ಸರಿದರೆ ಚಿತ್ರ 1 ಮಿ.ಮೀ.ನಷ್ಟು ಕಲಸಿಹೋಗುತ್ತದೆ. ಅಂದರೆ ಮೂರು ಗೆರೆಗಳ ಅಗಲ! ಅವಧಿ ಕಡಿಮೆ ಮಾಡಿದರೆ ಚಿತ್ರ ಕಪ್ಪಾಗುತ್ತದೆ. ಆಗ ಗೇನ್, ಅಂದರೆ ಹಿಡಿದ ಬೆಳಕಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಏರಿಸಬೇಕು; ಏರಿಸಿದಷ್ಟೂ ಕಾಳುಕಾಳಾದ ಮಚ್ಚೆಗಳು ಹೆಚ್ಚುತ್ತವೆ. ಬೆಳಕು ಬದಲಾಗುತ್ತಲೇ ಇರುವ ಗೋದಾಮಿಗೆ ಆಟೊ ಎಕ್ಸ್‌ಪೋಷರ್ ಒಳ್ಳೆಯದು. ಸ್ಟ್ಯಾಂಡಿಗೆ ಬಿಗಿದಿಟ್ಟ, ಒಂದೇ ಬೆಳಕಿನಲ್ಲಿ ಕೆಲಸ ಮಾಡುವ ಸ್ಕ್ಯಾನರ್‌ಗೆ ಮಾತ್ರ ಸ್ಥಿರ ಮೌಲ್ಯ ಕೊಡುವುದು ಸರಿ.

ಸ್ಕ್ಯಾನರ್‌ನ ದೀಪ ಯಾವಾಗಲೂ ಉಪಕಾರಿಯಲ್ಲ. ಮಾತ್ರೆಗಳ ಪಟ್ಟಿಯ ಹೊಳೆಯುವ ಹಾಳೆಗೆ ನೇರವಾಗಿ ಹಿಡಿದರೆ ಬೆಳಕು ಮರಳಿ ಲೆನ್ಸಿಗೇ ಹೊಡೆದು ನಡುವೆ ಬಿಳಿ ಕಲೆ ಮೂಡುತ್ತದೆ. ಸ್ಕ್ಯಾನರನ್ನು ಸ್ವಲ್ಪ ಓರೆಯಾಗಿ ಹಿಡಿಯಬೇಕು, ಇಲ್ಲವೇ ದೀಪ ಆರಿಸಬೇಕು.

ಚಿತ್ರದ ಗಾತ್ರ ನಿರ್ಧರಿಸುವಾಗ ಕೇಬಲ್ಲಿನ ವೇಗವನ್ನೂ ನೋಡಬೇಕು. 1280×800 ಪಿಕ್ಸೆಲ್‌ನ, 8 ಬಿಟ್ ಬೂದುಛಾಯೆಯ ಚಿತ್ರವನ್ನು ಕುಗ್ಗಿಸದೆ ಕಳಿಸಿದರೆ ಸುಮಾರು 10 ಲಕ್ಷ ಬೈಟ್. 9600 ಬಾಡ್ ವೇಗದ ಹಳೆಯ ಸೀರಿಯಲ್ ಸಂಪರ್ಕದಲ್ಲಿ ಇದಕ್ಕೆ ಸುಮಾರು 18 ನಿಮಿಷ ಹಿಡಿಯುತ್ತದೆ. 115200 ಬಾಡ್‌ನಲ್ಲಿ ಒಂದೂವರೆ ನಿಮಿಷ. ಬೇಡದ ಅಂಚುಗಳನ್ನು ಕತ್ತರಿಸಿ, ಜೆಪೆಗ್ ರೂಪದಲ್ಲಿ ಕಳಿಸಿದರೆ ಹೊರೆ ಬಹಳ ಇಳಿಯುತ್ತದೆ. ಸಹಿಗೆ 1 ಬಿಟ್‌ನ ಅಪ್ಪಟ ಕಪ್ಪು ಬಿಳುಪು ಚಿತ್ರ ಸಾಕು. ಸ್ಕ್ಯಾನರ್ ಕೀಬೋರ್ಡಿನಂತೆ ಜೋಡಣೆಯಾಗಿದ್ದರೆ ಅಕ್ಷರಗಳು ಹೋಗುತ್ತವೆಯೇ ಹೊರತು ಚಿತ್ರ ಹೋಗುವುದಿಲ್ಲ. ಯುಎಸ್‌ಬಿ ಸೀರಿಯಲ್ ಅಥವಾ ತಯಾರಕರು ಕೊಟ್ಟ ಚಿತ್ರ ವರ್ಗಾವಣೆಯ ಮೋಡ್‌ಗೆ ಬದಲಿಸಲೇಬೇಕು.

ಸೆಟ್ಟಿಂಗ್ ಬದಲಿಸಲು ಕೈಪಿಡಿಯಲ್ಲಿ ಅಚ್ಚಾದ ವಿಶೇಷ ಬಾರ್‌ಕೋಡ್‌ಗಳನ್ನು ಒಂದೊಂದಾಗಿ ಓದಿಸುತ್ತಾರೆ. ಪಕ್ಕದ ಕೋಡ್ ಸಿಕ್ಕಿಬೀಳದಂತೆ ಅದನ್ನು ಕೈಯಿಂದಲೋ ಕಾಗದದಿಂದಲೋ ಮುಚ್ಚಿಕೊಳ್ಳುವುದು ವಾಡಿಕೆ. ಸ್ಕ್ಯಾನರ್‌ಗಳು ಹಲವಾರಿದ್ದರೆ ಝೀಬ್ರಾದ 123ಸ್ಕ್ಯಾನ್‌ನಂಥ ತಂತ್ರಾಂಶದಲ್ಲಿ ಒಮ್ಮೆ ಸಿದ್ಧಪಡಿಸಿದ ಸೆಟ್ಟಿಂಗ್‌ಗಳನ್ನೇ ಎಲ್ಲಕ್ಕೂ ತುಂಬಬಹುದು. ಕಾರ್ಖಾನೆಯ ಮೂಲ ಸ್ಥಿತಿಗೆ ಮರಳಿಸುವ ಕೋಡ್ ಓದಿಸುವ ಮುನ್ನ ಸೆಟ್ಟಿಂಗ್‌ಗಳ ಕಡತದ ಪ್ರತಿ ಉಳಿಸಿಟ್ಟಿರಬೇಕು.