‘ಡಾಕ್ಟರ್ ಹೂ’: ನಿರ್ಮಾಣದ ಚರಿತ್ರೆ ಮತ್ತು ಅಳಿದ ಕಂತುಗಳು

ಶಿಲಾಶಾಸನವನ್ನು ಕೆತ್ತಿಸಿದವನು ಅದು ಆಚಂದ್ರಾರ್ಕವಾಗಿ ನಿಲ್ಲಲೆಂದು ಬಯಸಿದನು. ಓಲೆಯ ಗ್ರಂಥವನ್ನು ಪ್ರತಿಮಾಡಿದವನು ಅದು ಮುಂದಿನ ತಲೆಮಾರಿಗೆ ಮುಟ್ಟಲೆಂದು ಬಯಸಿದನು. ದೂರದರ್ಶನದ ಆದಿಕಾಲದ ಸಂಸ್ಥೆಗಳಲ್ಲಿ ಇಂತಹ ದೃಷ್ಟಿ ವಿರಳವಾಗಿತ್ತು. ಒಮ್ಮೆ ಬಿತ್ತರವಾದ ನಾಟಕದ ಕೆಲಸ ಅಲ್ಲಿಗೆ ತೀರಿತೆಂಬುದೇ ಅಂದಿನ ಸಾಮಾನ್ಯ ಭಾವನೆ. ಇದರ ಫಲವನ್ನು ಇಂಗ್ಲೆಂಡಿನ ಬಿಬಿಸಿ ಸಂಸ್ಥೆಯ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನಾ ಮಾಲಿಕೆಯ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

ಶನಿವಾರ ಸಂಜೆಯ ಕ್ರೀಡಾಕಾರ್ಯಕ್ರಮಕ್ಕೂ ಸಂಗೀತಕಾರ್ಯಕ್ರಮಕ್ಕೂ ನಡುವಣ ತೆರವನ್ನು ತುಂಬಲು ಮನೆಮಂದಿಯೆಲ್ಲ ನೋಡಬಹುದಾದ ಮಾಲಿಕೆಯೊಂದು ಬೇಕಾಗಿದ್ದಿತು. ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಕೆನಡಾದ ಸಿಡ್ನಿ ನ್ಯೂಮನ್ ಈ ಹೊಣೆಯನ್ನು 27 ವರ್ಷದ ವೆರಿಟಿ ಲ್ಯಾಂಬರ್ಟ್ ಅವರಿಗೆ ವಹಿಸಿದರು. ಮೊದಲ ಕಥಾನಕದ ದಿಗ್ದರ್ಶಕ ವಾರಿಸ್ ಹುಸೇನ್, 1938ರಲ್ಲಿ ಲಖನೌದಲ್ಲಿ ಜನಿಸಿದವರು. ಹೀಗೆ ಮಾಲಿಕೆಯನ್ನು ಕಟ್ಟಿದವರಲ್ಲಿ ಒಬ್ಬರು ಹೊರನಾಡಿನವರು, ಒಬ್ಬರು ತರುಣಿ, ಇನ್ನೊಬ್ಬರು ಭಾರತಮೂಲದ ಯುವಕ. ಅಂದಿನ ಬಿಬಿಸಿಯಲ್ಲಿ ಇದು ಅಪರೂಪದ ಕೂಟವೇ ಸರಿ.

ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋದಲ್ಲಿ 1963ರ ಸೆಪ್ಟೆಂಬರಿನಲ್ಲಿ ಮುದ್ರಿತವಾದ ಮೊದಲ ಕಂತು ನ್ಯೂಮನ್ ಅವರಿಗೆ ಒಪ್ಪಿಗೆಯಾಗದೆ, ಅಕ್ಟೋಬರಿನಲ್ಲಿ ಮರುಮುದ್ರಣಗೊಂಡಿತು. ರಾನ್ ಗ್ರೇನರ್ ರಚಿಸಿದ ಶೀರ್ಷಿಕೆ ಸಂಗೀತವನ್ನು ಡೀಲಿಯಾ ಡರ್ಬಿಷೈರ್ ವಾದ್ಯಮೇಳವಿಲ್ಲದೆ, ಧ್ವನಿಸುರುಳಿಯ ತುಣುಕುಗಳನ್ನು ಕತ್ತರಿಸಿ ಜೋಡಿಸಿ ಸಾಧಿಸಿದರು. ನವೆಂಬರ್ 23ರಂದು ಮಾಲಿಕೆ ಆರಂಭವಾಯಿತು. ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿದ್ದಿತು. ಒಂದು ವಾರದ ನಂತರ ಎರಡನೆಯ ಕಂತಿಗೆ ಮುನ್ನ ಮೊದಲನೆಯದನ್ನು ಪುನಃ ತೋರಿಸಲಾಯಿತು.

ವಿಕಾರರೂಪದ ರಾಕ್ಷಸರು ಬೇಡವೆಂಬುದು ನ್ಯೂಮನ್ ಅವರ ನಿಲುವಾಗಿದ್ದಿತು. ಆದರೂ ಡಿಸೆಂಬರಿನಲ್ಲಿ ಆರಂಭವಾದ ಟೆರ್ರಿ ನೇಷನ್ ಅವರ ಕಥಾನಕದ ‘ಡಾಲೆಕ್’ಗಳೇ ಮಾಲಿಕೆಯನ್ನು ಜನಪ್ರಿಯಗೊಳಿಸಿದವು. 1966ರಲ್ಲಿ ನಾಯಕನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತು. ನಾಯಕನು ದೇಹವನ್ನು ಬದಲಿಸಬಲ್ಲನೆಂಬ ಕಲ್ಪನೆಯಿಂದ ಪ್ಯಾಟ್ರಿಕ್ ಟ್ರೌಟನ್ ಆ ಪಾತ್ರಕ್ಕೆ ಬಂದರು. ಅನಿವಾರ್ಯತೆಯಿಂದ ಹುಟ್ಟಿದ ಈ ಉಪಾಯವೇ ಮಾಲಿಕೆಯ ದೀರ್ಘಾಯುಷ್ಯಕ್ಕೆ ಕಾರಣವಾಯಿತು. 1989ರಲ್ಲಿ ನಿಂತುಹೋದುದು 2005ರಲ್ಲಿ ವೇಲ್ಸಿನಿಂದ ಪುನರಾರಂಭವಾದದ್ದೂ ಇದರ ಬಲದಿಂದಲೇ.

ಇಷ್ಟು ಶ್ರಮದಿಂದ ನಿರ್ಮಿಸಿದುದನ್ನು ಸಂಸ್ಥೆಯು ತಾನೇ ಅಳಿಸಿತು. ಅಂದು ವಿಡಿಯೋ ಸುರುಳಿಯ ಬೆಲೆ ಹೆಚ್ಚು. ಅಳಿಸಿ ಮತ್ತೆ ಬಳಸಬಹುದಾಗಿದ್ದಿತು. ಮರುಪ್ರಸಾರಕ್ಕೆ ಕಲಾವಿದರೊಡನೆ ಮಾಡಿಕೊಂಡ ಒಪ್ಪಂದಗಳ ತೊಡಕಿದ್ದಿತು. 1970ರ ಆರಂಭದಿಂದ ಮಾಲಿಕೆ ವರ್ಣದಲ್ಲಿ ಬರತೊಡಗಿದ ಮೇಲೆ ಕಪ್ಪುಬಿಳುಪಿನ ಕಂತುಗಳಿಗೆ ಮಾರುಕಟ್ಟೆಯೂ ಕುಗ್ಗಿತು. 1967ರಿಂದ 1978ರವರೆಗೆ ಸುರುಳಿಗಳು ಅಳಿದವು, ವಿದೇಶೀ ಮಾರಾಟಕ್ಕೆಂದು ತೆಗೆದಿದ್ದ ಚಲಚ್ಚಿತ್ರ ಪ್ರತಿಗಳೂ ನಾಶವಾದವು. ಪ್ರತಿಯನ್ನು ಕಾಯುವುದು ಇನ್ನೊಂದು ವಿಭಾಗದ ಕೆಲಸವೆಂದು ಒಂದೊಂದು ವಿಭಾಗವೂ ಭಾವಿಸಿದ್ದಿತು.

ಉಳಿದುದು ಹೇಗೆ? ದೂರದೇಶಗಳಿಗೆ ಹೋದ ಪ್ರತಿಗಳಿಂದ. ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಕಥಾನಕದ ನಾಲ್ಕು ಕಂತುಗಳೂ ಹಾಂಗ್‌ಕಾಂಗಿನಿಂದ ಹಿಂದಿರುಗಿ 1992ರಲ್ಲಿ ಬೆಳಕಿಗೆ ಬಂದವು. ನೈಜೀರಿಯಾದ ಜೋಸ್ ನಗರದಲ್ಲಿ ಕಳೆದುಹೋಗಿದ್ದ ಒಂಬತ್ತು ಕಂತುಗಳು ದೊರೆತ ಸಂಗತಿ 2013ರಲ್ಲಿ ಪ್ರಕಟವಾಯಿತು. ಆಗಲೂ ಮೊದಲ ಆರು ವರ್ಷಗಳ 253 ಕಂತುಗಳಲ್ಲಿ 97 ಸಿಕ್ಕಿರಲಿಲ್ಲ. ಆದರೆ ಅವುಗಳೆಲ್ಲದರ ಧ್ವನಿ ಉಳಿದಿದ್ದಿತು. ಬಿತ್ತರದ ಸಮಯದಲ್ಲಿ ತಮ್ಮ ಮನೆಗಳಲ್ಲಿ ಕುಳಿತು ಅದನ್ನು ಮುದ್ರಿಸಿಕೊಂಡವರು ಸಾಮಾನ್ಯ ಪ್ರೇಕ್ಷಕರು.

ಒಡೆಯನ ಮನೆಯಲ್ಲಿ ಅಳಿದುದು ಪರದೇಶದ ಉಗ್ರಾಣದಲ್ಲಿ ಉಳಿಯಿತು; ಸಂಸ್ಥೆ ಕೈಬಿಟ್ಟುದನ್ನು ಅಭಿಮಾನಿ ಕಾಪಾಡಿದನು. ಯಾವುದು ಮುಂದಿನವರಿಗೆ ಬೆಲೆಯುಳ್ಳದ್ದೆಂಬುದನ್ನು ಒಂದು ಕಾಲ ತಾನೇ ನಿರ್ಣಯಿಸಲಾರದು. ಆದುದರಿಂದ ಕ್ಷುಲ್ಲಕವೆಂದು ತೋರಿದುದನ್ನೂ ಪ್ರತಿಮಾಡಿ, ಒಂದಕ್ಕಿಂತ ಹೆಚ್ಚು ಕಡೆ ಇರಿಸುವುದೇ ವಿವೇಕ.