12 ಸೆಕೆಂಡಿನ ನಿಯಮ, ಮಕ್ಕಳ ಮಿದುಳು

ಇವತ್ತು ನಾನು ಹೇಳ್ತಿರೋದು ಒಂದು ಸೋಫಾದ ಕಥೆ. ಇದು ಶುರುವಾಗೋದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1975ರಲ್ಲಿ.

ಸೋಫಾಗಳಿಗೆ ಬೆಂಕಿ ತಗುಲಿ ಜನ ಸಾಯೋದನ್ನು ತಪ್ಪಿಸಬೇಕು ಅಂತ ಆ ರಾಜ್ಯ ಒಂದು ನಿಯಮ ತಂದಿತು. ಒಳಗಿನ ಫೋಮ್ ಸಣ್ಣ ಜ್ವಾಲೆಯನ್ನು 12 ಸೆಕೆಂಡ್ ತಡೆದುಕೊಳ್ಳಬೇಕು. ಉದ್ದೇಶ ಒಳ್ಳೆಯದೇ. ಆದರೆ ಪರೀಕ್ಷೆ ಪಾಸಾಗೋಕೆ ಕಂಪನಿಗಳು ಹಿಡಿದ ಸುಲಭದ ದಾರಿ, ಫೋಮ್‌ಗೆ ರಾಸಾಯನಿಕ ಬೆರೆಸೋದು.

ಎಚ್ಚರಿಕೆ ಬೇಗನೇ ಬಂತು. ಆಗ ಮಕ್ಕಳ ರಾತ್ರಿ ಉಡುಪಿಗೂ ಬೆಂಕಿ ತಡೆಯಲು ‘ಟ್ರಿಸ್’ ಹಾಕ್ತಿದ್ದರು. ಅದು ಡಿಎನ್‌ಎಗೆ ಹಾನಿ ಮಾಡುತ್ತೆ, ಕ್ಯಾನ್ಸರ್ ತರಬಹುದು ಅಂತ 1977ರಲ್ಲಿ ಅರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಬರೆದರು. ಅದೇ ವರ್ಷ ಉಡುಪಿನಲ್ಲಿ ಅದಕ್ಕೆ ನಿಷೇಧ ಬಿತ್ತು. ಸೋಫಾವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಸೋಫಾ ಫೋಮ್‌ನಲ್ಲಿ ಮುಂದೆ ಹೆಚ್ಚು ಬಳಕೆಯಾಗಿದ್ದು ಪಿಬಿಡಿಇ ಅನ್ನೋ ಬ್ರೋಮಿನ್ ಸಂಯುಕ್ತಗಳು. ಇವು ಫೋಮ್‌ಗೆ ಗಟ್ಟಿಯಾಗಿ ಅಂಟಿಕೊಂಡಿರಲ್ಲ. ನಿಧಾನಕ್ಕೆ ಹೊರಬಂದು ಮನೆಯ ಧೂಳು ಸೇರ್ತವೆ. ನೆಲದ ಮೇಲೆ ಅಂಬೆಗಾಲಿಟ್ಟು, ಕೈ ಬಾಯಿಗೆ ಹಾಕೋ ಮಗುವಿನ ಹೊಟ್ಟೆಗೆ ಆ ಧೂಳು ಎಲ್ಲರಿಗಿಂತ ಹೆಚ್ಚು ಹೋಗುತ್ತೆ. ಇವುಗಳ ರಚನೆ ಥೈರಾಯ್ಡ್ ಹಾರ್ಮೋನನ್ನು ಹೋಲುತ್ತೆ. ಗರ್ಭದಲ್ಲಿ ಮಿದುಳು ಬೆಳೆಯೋಕೆ ಬೇಕಾಗಿರೋದೂ ಅದೇ ಹಾರ್ಮೋನು.

ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಬ್ರೆಂಡಾ ಎಸ್ಕೆನಾಜಿ ತಂಡ ಕೃಷಿ ಕಾರ್ಮಿಕ ಕುಟುಂಬಗಳ ಮಕ್ಕಳನ್ನು ಹುಟ್ಟುವ ಮೊದಲಿಂದಲೇ ಗಮನಿಸುತ್ತಾ ಬಂತು. ಫಲಿತಾಂಶ ಪ್ರಕಟವಾಗಿದ್ದು 2013ರಲ್ಲಿ. ಗರ್ಭಿಣಿಯ ರಕ್ತದಲ್ಲಿ ಪಿಬಿಡಿಇ ಹೆಚ್ಚಿದ್ದಷ್ಟೂ ಮಕ್ಕಳಲ್ಲಿ 5 ವರ್ಷಕ್ಕೆ ಏಕಾಗ್ರತೆ ಕಡಿಮೆ, 7 ವರ್ಷಕ್ಕೆ ಐಕ್ಯೂ ಅಂಕ ಕಡಿಮೆ. ಪ್ರತಿ ಮಗುವಿಗೂ ಹೀಗೇ ಆಗುತ್ತೆ ಅಂತ ಇದರರ್ಥ ಅಲ್ಲ. ಆದರೆ ಇಡೀ ಪೀಳಿಗೆಯ ಲೆಕ್ಕದಲ್ಲಿ ಇದು ಸಣ್ಣ ನಷ್ಟ ಅಲ್ಲ.

ಅಷ್ಟರಲ್ಲಿ ಸೋಫಾ ಫೋಮ್‌ಗೆ ಬಳಸ್ತಿದ್ದ ಪಿಬಿಡಿಇ ತಯಾರಿಕೆ ಅಮೆರಿಕದಲ್ಲಿ 2004ರ ಕೊನೆಗೇ ನಿಂತಿತ್ತು. ಅದರ ಜಾಗಕ್ಕೆ ಬಂದದ್ದು? ಆ ಹಳೇ ಟ್ರಿಸ್‌ನ ದಾಯಾದಿ, ಕ್ಲೋರಿನ್ ಟ್ರಿಸ್! 2011ರಲ್ಲಿ ಪುಟ್ಟ ಮಕ್ಕಳ ಸಾಮಾನುಗಳ ಫೋಮ್ ಪರೀಕ್ಷಿಸಿದಾಗ ಎಲ್ಲಕ್ಕಿಂತ ಹೆಚ್ಚು ಕಡೆ ಸಿಕ್ಕಿದ್ದು ಅದೇ.

ಕೊನೆಗೆ 2013ರಲ್ಲಿ ಕ್ಯಾಲಿಫೋರ್ನಿಯಾ 12 ಸೆಕೆಂಡಿನ ಪರೀಕ್ಷೆ ಕೈಬಿಟ್ಟು, ಸಿಗರೇಟಿನ ಕಿಡಿಯಂತೆ ಹೊಗೆಯಾಡುವ ಬೆಂಕಿಯನ್ನು ತಡೆಯೋ ಪರೀಕ್ಷೆ ತಂದಿತು. ರಾಸಾಯನಿಕ ಇಲ್ಲದೆಯೂ ಅದನ್ನು ಪಾಸಾಗಬಹುದು. ಅಂದ್ರೆ ಸುರಕ್ಷತೆಗೆ ಬೇರೆ ದಾರಿ ಇತ್ತು.

ನನಗೆ ಈ ಇತಿಹಾಸದಲ್ಲಿ ಕಾಣೋದು ಇಷ್ಟೇ: ಒಂದು ರಾಸಾಯನಿಕ ನಿಷೇಧ ಆಯ್ತು ಅಂದಾಗ ಖುಷಿಪಡೋ ಮೊದಲು, ಅದರ ಬದಲಿಗೆ ಏನು ಬರ್ತಿದೆ ಅಂತ ಕೇಳಬೇಕು. ಹಳೇ ಫೋಮ್ ಹರಿದಿದ್ದರೆ ಮುಚ್ಚಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.